14 ಗೆದ್ದವರು ಅತಿಥಿ, 10 ಗೆದ್ದವರು ಆತಿಥೇಯ! ಇದ್ಯಾವ ನ್ಯಾಯ?

ಇವತ್ತು ಕ್ರಿಕೆಟ್‌ಗೆ ರಜೆ, ಅಮೆರಿಕದ ಎನ್‌ಎಫ್‌ಎಲ್ ಕಡೆ ಹೋಗೋಣ. ಅಲ್ಲಿನ ಫುಟ್‌ಬಾಲ್‌ನಲ್ಲಿ ಚೆಂಡು ಒದೆಯೋದಕ್ಕಿಂತ ಹಿಡ್ಕೊಂಡು ಓಡೋದೇ ಜಾಸ್ತಿ, ಅದು ಬೇರೆ ಮಾತು. ನಾನು ಹೇಳೋಕೆ ಹೊರಟಿರೋದು ಪ್ಲೇಆಫ್ ಲೆಕ್ಕಾಚಾರ.

ಐಪಿಎಲ್‌ನಲ್ಲಿ ಒಂದೇ ಪಾಯಿಂಟ್ಸ್ ಟೇಬಲ್. ಮೊದಲ ನಾಲ್ಕು ತಂಡ ಒಳಗೆ, ಉಳಿದವರು ಮನೆಗೆ. ಎನ್‌ಎಫ್‌ಎಲ್‌ನಲ್ಲಿ 32 ತಂಡ, ಎರಡು ಕಾನ್ಫರೆನ್ಸ್. ಒಂದೊಂದರಲ್ಲೂ ನಾಲ್ಕು ಡಿವಿಷನ್, ಡಿವಿಷನ್‌ಗೆ ನಾಲ್ಕೇ ತಂಡ. ಪ್ರತಿ ಕಾನ್ಫರೆನ್ಸ್‌ನಿಂದ 7 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಡಿವಿಷನ್ ಗೆದ್ದ ನಾಲ್ಕು ತಂಡಗಳಿಗೆ 1ರಿಂದ 4ನೇ ಸೀಡ್ ಗ್ಯಾರಂಟಿ. ಉಳಿದ ಮೂರು ವೈಲ್ಡ್ ಕಾರ್ಡ್ ತಂಡಗಳು ಎಷ್ಟೇ ಗೆದ್ದಿರಲಿ, 5ರಿಂದ ಕೆಳಗೆ. ಮೇಲಿನ ಸೀಡ್‌ನವರಿಗೆ ತವರು ಮೈದಾನ.

ಈಗ 2024ರ ಸೀಸನ್ ನೋಡಿ. ಕೊನೆಯ ವಾರ ಡೆಟ್ರಾಯಿಟ್ ಲಯನ್ಸ್ ಮತ್ತು ಮಿನ್ನೆಸೋಟ ವೈಕಿಂಗ್ಸ್ ಎದುರುಬದುರು. ಇಬ್ಬರದ್ದೂ 14 ಗೆಲುವು, 2 ಸೋಲು. ಇಬ್ಬರೂ ಒಂದೇ ಡಿವಿಷನ್. ಲಯನ್ಸ್ 31-9ರಿಂದ ಗೆದ್ದು ನಂಬರ್ 1 ಆಯ್ತು, ಮೊದಲ ಸುತ್ತು ಆಡೋದೇ ಬೇಡ. ಸೋತ ವೈಕಿಂಗ್ಸ್? ಸೀದಾ 5ನೇ ಸೀಡ್! 14 ಪಂದ್ಯ ಗೆದ್ದ ತಂಡ, ಬರೀ 10 ಗೆದ್ದಿದ್ದ ಲಾಸ್ ಏಂಜಲಿಸ್ ರಾಮ್ಸ್‌ಗೆ ಅತಿಥಿಯಾಗಿ ಹೋಗಬೇಕಾಯ್ತು. ಕಾಡ್ಗಿಚ್ಚಿನಿಂದಾಗಿ ಆ ಪಂದ್ಯ ಅರಿಜೋನಾಕ್ಕೆ ಶಿಫ್ಟ್ ಆಯ್ತು. ಆದರೂ ವೈಕಿಂಗ್ಸ್ 27-9ರಿಂದ ಸೋತಿತು.

ಇದಕ್ಕಿಂತ ವಿಚಿತ್ರ 2010ರ ಸೀಸನ್‌ನದ್ದು. 7 ಗೆದ್ದು 9 ಸೋತಿದ್ದ ಸಿಯಾಟಲ್ ಸೀಹಾಕ್ಸ್ ಡಿವಿಷನ್ ಚಾಂಪಿಯನ್! 11 ಗೆದ್ದಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅವರ ಅಂಗಳಕ್ಕೇ ಹೋಗಿ 41-36ರಿಂದ ಸೋತು ಬಂತು. ಮಾರ್ಷಾನ್ ಲಿಂಚ್ 67 ಯಾರ್ಡ್ ನುಗ್ಗಿದ ಆ ಓಟ ಯೂಟ್ಯೂಬ್‌ನಲ್ಲಿದೆ, ನೋಡಿಲ್ಲಾಂದ್ರೆ ಖಂಡಿತ ನೋಡಿ. ಹಾಗಂತ ಆ ಓಟಕ್ಕೋಸ್ಕರ ನಿಯಮ ಸರಿ ಅನ್ನೋಕಾಗಲ್ಲ.

ಈ ನಿಯಮದ ಪರವಾಗಿಯೂ ಗಟ್ಟಿ ವಾದ ಇದೆ. 17 ಪಂದ್ಯಗಳಲ್ಲಿ 6 ಪಂದ್ಯ ಡಿವಿಷನ್‌ನೊಳಗೇ ನಡೆಯುತ್ತವೆ. ಎಲ್ಲರೂ ಎಲ್ಲರ ಜತೆ ಆಡಲ್ಲ. ದುರ್ಬಲರ ನಡುವೆ ಬಂದ 11 ಗೆಲುವನ್ನೂ ಬಲಿಷ್ಠರ ನಡುವೆ ಬಂದ 10 ಗೆಲುವನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗೋದು? ರಾಮ್ಸ್ ಅಂತೂ ಅದೇ ಸೀಸನ್‌ನ ಅಕ್ಟೋಬರ್‌ನಲ್ಲೇ ವೈಕಿಂಗ್ಸ್‌ನ್ನು ಒಮ್ಮೆ ಸೋಲಿಸಿತ್ತು.

ನನ್ನ ಪ್ರಕಾರ ಡಿವಿಷನ್ ಗೆದ್ದವರಿಗೆ ಪ್ಲೇಆಫ್ ಟಿಕೆಟ್ ಕೊಡಲಿ, ಆದರೆ ತವರು ಪಂದ್ಯ ಯಾಕೆ ಫ್ರೀಯಾಗಿ ಕೊಡಬೇಕು? 2025ರಲ್ಲಿ ಇದನ್ನೇ ಪ್ರಸ್ತಾಪ ಮಾಡಿದ್ದು ಯಾರು ಗೊತ್ತಾ? ವೈಕಿಂಗ್ಸ್ ಅಲ್ಲ, ಲಾಭ ಪಡೆದ ಲಯನ್ಸ್! ವೈಲ್ಡ್ ಕಾರ್ಡ್ ತಂಡ ಹೆಚ್ಚು ಗೆದ್ದಿದ್ದರೆ ಅದಕ್ಕೇ ಮೇಲಿನ ಸೀಡ್ ಸಿಗಲಿ ಅಂತ. ಆ ಲೆಕ್ಕದಲ್ಲಿ ವೈಕಿಂಗ್ಸ್ 3ನೇ ಸೀಡ್ ಆಗ್ತಿತ್ತು, ರಾಮ್ಸ್ 7ಕ್ಕೆ ಇಳೀತಿತ್ತು. ಆದರೆ ನಿಯಮ ಬದಲಾಗೋಕೆ 32ರಲ್ಲಿ 24 ತಂಡಗಳು ಒಪ್ಪಬೇಕು. ದುರ್ಬಲ ಡಿವಿಷನ್‌ನಲ್ಲಿರೋ ಮಾಲೀಕ ತನ್ನ ಕೈಗೆಟುಕೋ ತವರು ಪಂದ್ಯವನ್ನ ಸುಮ್ಮನೆ ಬಿಟ್ಟುಕೊಡ್ತಾನಾ? ಮೇ ತಿಂಗಳಲ್ಲಿ ಲಯನ್ಸ್ ಪ್ರಸ್ತಾಪವನ್ನು ವಾಪಸ್ ತಗೊಂಡಿತು.