ಚುಕ್ಕಿ ನೋಡುವ ಕಂಬ

ಮಕ್ಕಳೇ, ದೂರದರ್ಶಕದಲ್ಲಿ ಗುರುಗ್ರಹ ನೋಡುತ್ತಿರುವಾಗ ಪಕ್ಕದಲ್ಲಿ ಯಾರಾದರೂ ಓಡಾಡಿದರೆ ಗುರು ಗಡಗಡ ನಡುಗುತ್ತಾನೆ! ಗ್ರಹವನ್ನು ನೂರು ಪಟ್ಟು ದೊಡ್ಡದಾಗಿ ತೋರಿಸುವ ದೂರದರ್ಶಕ ಅಲುಗಾಟವನ್ನೂ ನೂರು ಪಟ್ಟು ದೊಡ್ಡದು ಮಾಡುತ್ತದೆ. ಒಂದು ಮೀಟರ್ ಉದ್ದದ ಕೊಳವೆಯ ಒಂದು ತುದಿ ಬರೀ ಒಂದು ಮಿಲಿಮೀಟರ್ ಸರಿಯಲಿ, ನಾಲ್ಕು ಗುರುಗ್ರಹಗಳನ್ನು ಸಾಲಾಗಿ ಇಟ್ಟಷ್ಟು ದೂರ ನೋಟ ಜಾರಿಬಿಡುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಗಾಳಿಗೂ ಅಲ್ಲಾಡುತ್ತದೆ. ಅದಕ್ಕೇ ದೂರದರ್ಶಕ ಕೂರಿಸಲು ಹಿತ್ತಲಲ್ಲಿ ಕಾಂಕ್ರೀಟ್ ಕಂಬ ಬೇಕು.

ಆಕಾಶ ನೋಡುವ ಮೊದಲು ನಿಮ್ಮೂರ ನೆಲ ನೋಡಿ. ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ನಿಲ್ಲಿಸಿದ ಚಪ್ಪಡಿಕಲ್ಲಿನ ಗೂಡುಗಳು ಇವತ್ತಿಗೂ ನಿಂತಿವೆ. ಅವುಗಳ ಕೆಳಗಿರುವುದು ಬಂಡೆ. ಯಲಬುರ್ಗಾದ ಎರೆಹೊಲದ ಕಥೆ ಬೇರೆ. ಕುಷ್ಟಗಿ ಕಡೆ ಎರೆಯೂ ಉಂಟು, ಮಸಾರಿಯೂ ಉಂಟು. ಎರೆಮಣ್ಣಿನ ಕಣದೊಳಗೆ ಕಡಕ್ ರೊಟ್ಟಿ ಒಟ್ಟಿಟ್ಟ ಹಾಗೆ ತೆಳುವಾದ ಪದರಗಳಿವೆ. ಮಳೆ ಬಂದರೆ ಆ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿ ಕುಗ್ಗುತ್ತದೆ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಇಂಥ ನೆಲದ ಮೇಲ್ಮೇಲೆ ನಿಂತ ಕಂಬ ವರ್ಷಕ್ಕೊಮ್ಮೆ ಎದ್ದು ಕೂತು ಓರೆಯಾಗುತ್ತದೆ. ಬಿರುಕಿನ ಆಳ ದಾಟಿ ಗರಸು ಸಿಗುವವರೆಗೆ ಅಗೆಯಬೇಕು. ಎಷ್ಟು ಆಳ ಎನ್ನುವುದನ್ನು ಊರಿನ ಅನುಭವಿ ಗೌಂಡಿಯನ್ನೇ ಕೇಳಿ.

ಕಂಬ ಗಿಡ್ಡವಾಗಿ ದಪ್ಪಗಿರಲಿ. ದುಂಡು ಕಂಬದ ಅಗಲ ಎರಡು ಪಟ್ಟಾದರೆ ಅದು ಬಾಗದೆ ನಿಲ್ಲುವ ಬಲ 16 ಪಟ್ಟಾಗುತ್ತದೆ. ಎತ್ತರ ಎರಡು ಪಟ್ಟಾದರೆ ಅಷ್ಟೇ ಜೋರಾಗಿ ತಳ್ಳಿದರೂ 8 ಪಟ್ಟು ಬಾಗುತ್ತದೆ. ಸುತ್ತ ಕಟ್ಟೆ ಕಟ್ಟಿಸುವುದಾದರೆ ಕಟ್ಟೆಗೂ ಕಂಬಕ್ಕೂ ನಡುವೆ ಎರಡು ಬೆರಳು ಸಂದು ಬಿಡಿಸಿ. ಆಗ ನಿಮ್ಮ ಹೆಜ್ಜೆಯ ನಡುಕ ಕಟ್ಟೆಯಿಂದ ನೇರವಾಗಿ ಕಂಬಕ್ಕೆ ದಾಟುವುದಿಲ್ಲ.

ಉಪಕರಣಕ್ಕೆ ಗಟ್ಟಿ ಕಂಬ ನಿಲ್ಲಿಸುವುದು ಹಳೆಯ ಜಾಣತನ. 1792ರಲ್ಲಿ ಮದರಾಸಿನ ವೀಕ್ಷಣಾಲಯದಲ್ಲಿ ಉಪಕರಣ ಹೊರಲೆಂದೇ ಸುಮಾರು 10 ಟನ್ ತೂಕದ ಗ್ರಾನೈಟ್ ಕಂಬ ನಿಲ್ಲಿಸಿದರು. ಮದರಾಸು ಅಂದರೆ ಈಗಿನ ಚೆನ್ನೈ; ಆ ಕಂಬ ಅಲ್ಲಿ ಈಗಲೂ ಇದೆ. ಆ ವೀಕ್ಷಣಾಲಯದ ಕೆಲಸವೇ ಮುಂದೆ ಕೊಡೈಕೆನಾಲ್‌ಗೆ ಹೋಗಿ, ಬೆಳೆದು, ಇಂದಿನ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಗಿದೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ಇರುವ, 2.3 ಮೀಟರ್ ಕನ್ನಡಿಯ ವೈನು ಬಾಪು ದೂರದರ್ಶಕ ಈ ಸಂಸ್ಥೆಯದೇ.

ಕಾಂಕ್ರೀಟ್ ಹಾಕಿದ ಮರುದಿನ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ. ನೀರಿನ ಜೊತೆ ಕೂಡಿ, ಒಳಗೆ ಸಣ್ಣ ಸಣ್ಣ ಹರಳು ಬೆಳೆದು ಉಸುಕನ್ನೂ ಕಡಿಯನ್ನೂ ಹಿಡಿದುಕೊಳ್ಳುತ್ತದೆ. ಕೊಪ್ಪಳದ ಬಿಸಿಲಿಗೆ ನೀರು ಆರಿಹೋದರೆ ಹರಳು ಬೆಳೆಯುವುದು ನಿಂತುಬಿಡುತ್ತದೆ. ಕಂಬಕ್ಕೆ ಗೋಣಿತಟ್ಟು ಸುತ್ತಿ ಒಂದು ವಾರವಾದರೂ ಹಸಿಯಾಗಿಡಿ. ಎಂಜಿನಿಯರುಗಳು ಅದರ ಗಟ್ಟಿತನ ಅಳೆಯುವುದು 28 ದಿನಕ್ಕೆ. ಹಸಿ ಸಿಮೆಂಟನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ.

ಕಾಂಕ್ರೀಟ್ ಹಸಿ ಇರುವಾಗಲೇ ಮಾಡಬೇಕಾದ ಕೆಲಸವೂ ಒಂದಿದೆ. ದೂರದರ್ಶಕ ಬಿಗಿಯುವ ಬೋಲ್ಟುಗಳನ್ನು ಕಂಬದ ತಲೆಯಲ್ಲಿ ಉತ್ತರಕ್ಕೆ ಸರಿಯಾಗಿ ನಿಲ್ಲಿಸಬೇಕು. ಹಿಂದಿನ ರಾತ್ರಿಯೇ ಧ್ರುವ ನಕ್ಷತ್ರ ನೋಡಿ ದಾರ ಕಟ್ಟಿ ಗುರುತು ಮಾಡಿಡಿ. ಕೊಪ್ಪಳ ಜಿಲ್ಲೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಯಲ್ಲಿದೆ. ಹಾಗಾಗಿ ಇಲ್ಲಿ ಧ್ರುವ ಕಾಣುವುದೂ ದಿಗಂತದಿಂದ ಸುಮಾರು 15 ಡಿಗ್ರಿ ಮೇಲೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಒಂದೂವರೆ ಮುಷ್ಟಿ ಎತ್ತರದಲ್ಲಿ ಹುಡುಕಿ. ದೂರದರ್ಶಕ ತಿರುಗುವ ಅಚ್ಚನ್ನು ಅಷ್ಟೇ ಓರೆಯಾಗಿ ಧ್ರುವದತ್ತ ಕೂರಿಸುತ್ತಾರೆ. ಭೂಮಿ ಗಂಟೆಗೆ 15 ಡಿಗ್ರಿ ಪೂರ್ವಕ್ಕೆ ತಿರುಗುತ್ತದೆ. ಅದೇ ವೇಗದಲ್ಲಿ ಅಚ್ಚನ್ನು ಪಶ್ಚಿಮಕ್ಕೆ ತಿರುಗಿಸುತ್ತಾ ಹೋದರೆ ಗುರು ಕಣ್ಣಿಂದ ಜಾರದೆ ಅಲ್ಲೇ ನಿಲ್ಲುತ್ತಾನೆ, ಅವನ ನಾಲ್ಕು ದೊಡ್ಡ ಚಂದ್ರರನ್ನು ನೀವು ಸಾವಕಾಶ ಎಣಿಸಬಹುದು.