ನಮ್ಮ ಅಡ್ಡಹೆಸರುಗಳ ಬೇರು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಅಡ್ಡಹೆಸರುಗಳ ಮೂಲವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ವಿಷಯ ಸಣ್ಣದೆಂದು ತೋರಬಹುದು. ಆದರೆ ಊರು ಬಿಟ್ಟು ಬಂದವರಿಗೆ ಅದು ಸಣ್ಣದಲ್ಲ. ಹೊಲಮನೆಗಳು ಅಲ್ಲಿಯೇ ಉಳಿದವು. ಮಕ್ಕಳ ನಾಲಗೆಯ ಮೇಲೆ ಕನ್ನಡಕ್ಕೆ ಮರಾಠಿ, ಹಿಂದಿಗಳು ಬೆರೆತವು. ಹೆಸರು ಮಾತ್ರ ನಮ್ಮೊಡನೆ ರೈಲು ಹತ್ತಿ ಇಲ್ಲಿಯವರೆಗೆ ಬಂದಿದೆ.

ಹೀಗೆ ಊರಿನ ಹೆಸರನ್ನು ಹೊತ್ತು ತಂದವರಲ್ಲಿ ನಾವೇ ಮೊದಲಿಗರಲ್ಲ. ಸಾವಿರ ವರ್ಷಗಳ ಹಿಂದೆ ಈ ಠಾಣೆಯಿಂದಲೇ ಆಳಿದ ಶಿಲಾಹಾರ ಅರಸರು ತಮ್ಮ ಶಾಸನಗಳಲ್ಲಿ ‘ತಗರಪುರಪರಮೇಶ್ವರ’ ಎಂದು ಹೇಳಿಕೊಂಡರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ. ಕಲ್ಯಾಣದ ಬಳಿಯ ಅಂಬರನಾಥದಲ್ಲಿ 1060ರ ಶಾಸನವುಳ್ಳ ದೇವಾಲಯ ಅವರ ಕಾಲದ್ದೇ. ಕೊಂಕಣದ ಕಡಲತಡಿಯಲ್ಲಿ ರಾಜ್ಯವಾಳುತ್ತಿದ್ದರೂ ಮೂಲದ ಊರನ್ನು ಅವರು ಬಿಡಲಿಲ್ಲ.

ನಮ್ಮ ಹೆಸರುಗಳಲ್ಲಿ ಊರಿಗಿಂತ ಹುದ್ದೆಯೇ ಹೆಚ್ಚು. ಹೆಗ್ಡೆ ಎಂಬುದನ್ನೇ ನೋಡಿರಿ. ಹಳಗನ್ನಡದ ಶಾಸನಗಳಲ್ಲಿ ಇದು ‘ಪೆರ್ಗಡೆ’. ಹಿರಿಯ ಅಧಿಕಾರಿ ಎಂದರ್ಥ. ಅರಮನೆಯ ಮೇಲ್ವಿಚಾರಕನು ‘ಮನೆವೆರ್ಗಡೆ’. ಪಾಲು ಹಾಲಾದಂತೆ, ಪೂ ಹೂವಾದಂತೆ, ಪೆರ್ಗಡೆಯು ಹೆಗ್ಗಡೆಯಾಗಿ, ಹೆಗಡೆಯಾಗಿ, ಹೆಗ್ಡೆಯಾಯಿತು. ತುಳುನಾಡು ಹಳೆಯ ಪಕಾರವನ್ನು ಕಾಪಾಡಿಕೊಂಡಿದೆ. ಧರ್ಮಸ್ಥಳದ ಐತಿಹ್ಯದಲ್ಲಿ ಬರುವವರು ಬಿರ್ಮಣ್ಣ ಪೆರ್ಗಡೆಯವರೇ. ಶಿರಸಿಯ ಹವ್ಯಕ ಹೆಗಡೆಯವರೂ ಉಡುಪಿಯ ಬಂಟ ಹೆಗ್ಡೆಯವರೂ ಡೊಂಬಿವಲಿಯ ಒಂದೇ ಕಟ್ಟಡದಲ್ಲಿದ್ದರೆ ನೆರೆಯವರು ದಾಯಾದಿಗಳೆಂದು ಭಾವಿಸುವುದುಂಟು. ಅವರನ್ನು ಕೂಡಿಸಿದ್ದು ಹಳೆಯ ಹುದ್ದೆಯೊಂದೇ.

ಕುಲಕರ್ಣಿಯ ಕಥೆ ಇನ್ನೂ ಸ್ವಾರಸ್ಯವಾದುದು. ಕುಳವೆಂದರೆ ಕಂದಾಯ ಕಟ್ಟುವ ಒಕ್ಕಲು. ಕರಣನೆಂದರೆ ಲೆಕ್ಕ ಬರೆಯುವವನು. ಊರಿಗೆ ಕುಲಕರ್ಣಿ, ನಾಡಿಗೆ ನಾಡಕರ್ಣಿ. ಇದೇ ಕೆಲಸ ಮಾಡಿದ ಶಾಸನಕಾಲದ ‘ಸೇನಬೋವ’ನೇ ಮೈಸೂರು ಸೀಮೆಯ ಶಾನುಭೋಗ, ಕರಾವಳಿಯ ಶಾನಭಾಗ. 1950ರಲ್ಲಿ ಮುಂಬಯಿ ಸರಕಾರವು ಕುಲಕರ್ಣಿ ವತನಗಳನ್ನು ರದ್ದುಪಡಿಸುವ ಕಾಯಿದೆ ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಮುಂಬಯಿ ರಾಜ್ಯದಲ್ಲೇ ಇದ್ದವು. ವತನ ಹೋಯಿತು, ದಫ್ತರ ಹೋಯಿತು, ಹೆಸರು ಉಳಿಯಿತು. ಈ ಹೆಸರು ಕೇಳಿದೊಡನೆ ಇಲ್ಲಿ ಎದುರಿನವರು ಮರಾಠಿಯಲ್ಲಿ ಮಾತು ಆರಂಭಿಸುತ್ತಾರೆ. ಅದರಲ್ಲಿ ತಪ್ಪಿಲ್ಲ, ಹೆಸರು ಎರಡೂ ನಾಡುಗಳ ಸೊತ್ತು.

ತೊಡಕು ಬರುವುದು ಮೈಸೂರು ಸೀಮೆಯವರಿಗೆ. ಅವರಲ್ಲಿ ಅನೇಕರಿಗೆ ಅಡ್ಡಹೆಸರೇ ಇಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಬಳಿಕ ತಂದೆ, ಕೊನೆಗೆ ತಾನು. ಇಲ್ಲಿಯ ಶಾಲೆಯ ಅರ್ಜಿಯಲ್ಲಿ ‘ಆಡನಾವ’ದ ಕೋಣೆ ಖಾಲಿ ಬಿಡುವಂತಿಲ್ಲ. ಅವಸರದಲ್ಲಿ ಅಜ್ಜನ ಹೆಸರನ್ನೋ ಜಾತಿಯ ಹೆಸರನ್ನೋ ತುಂಬಿಬಿಡುತ್ತೇವೆ. ಮೂರು ತಲೆಮಾರಿನ ನಂತರ ಅದೇ ಮನೆತನವಾಗಿ ಕೂರುತ್ತದೆ. ತುಂಬಲೇಬೇಕಾದರೆ ಊರಿನ ಹೆಸರನ್ನೇ ತುಂಬಿರಿ ಎಂದು ನನ್ನ ಸಲಹೆ. ಮುಂದೆ ಹುಡುಕುವ ಮೊಮ್ಮಗನಿಗೆ ಒಂದು ದಾರಿಯಾದರೂ ಸಿಕ್ಕೀತು.

ಉತ್ತರ ಕರ್ನಾಟಕದವರಿಗೆ ಬೇರೊಂದು ಸಂಕೋಚ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ ಇವೆಲ್ಲ ಮರ್ಯಾದಸ್ಥ ಮನೆತನಗಳ ಹೆಸರುಗಳು. ಆಫೀಸಿನಲ್ಲಿ ಯಾರೋ ನಕ್ಕರೆಂದು ಮೆಣಸಿನಕಾಯಿಯನ್ನು ತೆಗೆದುಹಾಕಿ ‘ಕರ್’ ಸೇರಿಸಿಕೊಳ್ಳುವುದು ನನಗೆ ಸರಿದೋರದು. ಬಡಿಗೇರ, ಪತ್ತಾರ, ಹೂಗಾರರ ಹೆಸರುಗಳಲ್ಲಿ ಕಸುಬೇ ಮನೆತನವಾಗಿದೆ. ನಕ್ಕವರ ಹೆಸರನ್ನು ಬಿಡಿಸಿ ನೋಡಿದರೆ ಅಲ್ಲಿಯೂ ಯಾವುದೋ ಕಸುಬೋ ಊರೋ ಇದ್ದೀತು!

ಇನ್ನು ಮೂಲವನ್ನು ಹುಡುಕುವ ಬಗೆ. ಮೊದಲು ಮನೆದೇವರನ್ನು ಕೇಳಿರಿ. ಸವದತ್ತಿಯ ಎಲ್ಲಮ್ಮನೊ, ಬಾದಾಮಿಯ ಬನಶಂಕರಿಯೊ, ಮೈಲಾರಲಿಂಗನೊ. ವಂಶವು ಎಷ್ಟು ಊರು ತಿರುಗಿದರೂ ದೇವರು ಸಾಮಾನ್ಯವಾಗಿ ಹಳೆಯ ಸೀಮೆಯಲ್ಲೇ ಇರುತ್ತಾನೆ. ತುಳುನಾಡಿನ ಬಂಟರು ‘ಬರಿ’ಯನ್ನು ಕೇಳಬೇಕು, ಶೆಟ್ಟಿ ಎಂಬುದು ತಂದೆಯಿಂದ ಬಂದರೂ ಬರಿಯು ತಾಯಿಯಿಂದ ಬರುವಂಥದು. ಆ ಬಗ್ಗೆ ಮನೆಯ ಅಜ್ಜಿಯರಿಗೆ ತಿಳಿದಷ್ಟು ಯಾವ ಕಾಗದಕ್ಕೂ ತಿಳಿಯದು.

ಕಾಗದ, ಸನದುಗಳಿಗಿಂತ ದೊಡ್ಡ ಆಧಾರ ನಮ್ಮ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಾಗಿಲಿಗೆ ಬಂದು ವಂಶಾವಳಿಯನ್ನು ಹೊಗಳುತ್ತಿದ್ದವರನ್ನು ಇಲ್ಲಿರುವ ಹಿರಿಯರು ಕಂಡಿರಬಹುದು. ಇಂಥ ಊರಿನ ಇಂಥ ಮನೆಗಳು ಇಂಥ ಹೆಳವನಿಗೆ ಎಂಬ ಹಂಚಿಕೆ ಅವರಲ್ಲಿ ತಲೆತಲಾಂತರದಿಂದ ಇದೆ. ಮೂಲಪುರುಷನು ಎಲ್ಲಿಂದ ಬಂದ, ಯಾವ ಮಗ ಬೇರೆಯಾಗಿ ಯಾವ ಊರಿಗೆ ಹೋದ ಎಂಬುದೆಲ್ಲ ಅವರ ಬಾಯಲ್ಲಿ ಮತ್ತು ಹೊತ್ತಗೆಯಲ್ಲಿ ಉಂಟು. ಕೊಟ್ಟ ಕಾಳುಕಡಿಯನ್ನು ಪಡೆದು, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ.

ಆದರೆ ಹೆಳವನು ಕಲ್ಯಾಣಕ್ಕೆ ಬರುವುದಿಲ್ಲ, ವಾಶಿಗೂ ಬರುವುದಿಲ್ಲ. ಊರಲ್ಲಿ ಉಳಿದ ಅಣ್ಣನೋ ಕಾಕನೋ ಹೇಳದಿದ್ದರೆ ಅವನ ಹೊತ್ತಗೆಯಲ್ಲಿ ನಮ್ಮ ಕವಲು ‘ಮುಂಬಯಿಗೆ ಹೋದ’ ಎಂಬಲ್ಲಿಗೆ ನಿಂತುಹೋಗುತ್ತದೆ. ಆದುದರಿಂದ ಸಂಕ್ರಾಂತಿಯ ಹೊತ್ತಿಗೆ ಊರಿಗೆ ಹೋಗುವವರು ತಮ್ಮ ಮನೆಯ ಹೆಳವನು ಯಾರೆಂದು ವಿಚಾರಿಸಿರಿ. ಸಿಕ್ಕರೆ ಅವನು ಹೇಳಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿರಿ. ಇಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರುಗಳನ್ನೂ, ಹೆಣ್ಣುಮಕ್ಕಳ ಹೆಸರುಗಳನ್ನೂ ಅವನಿಗೆ ಬರೆಸಿ ಬನ್ನಿರಿ. ಒಂದು ಸೇರು ಜೋಳವನ್ನು ಹೆಚ್ಚಾಗಿಯೇ ಕೊಡಿರಿ.