ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತು!

(ಗಂಗಾವತಿಯ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಓದಿದವನು. ಲಗ್ನಪತ್ರಿಕೆ, ಬಿಲ್ ಬುಕ್ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಆದರೆ ನಾನು ಕಂಡ ಬಲವಾದ ಅಕ್ಷರಗಳು ಅಚ್ಚಿನವಲ್ಲ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ 'ನಾಳೆ ಬಾ'.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳ ತನಕ ಈ ಸುದ್ದಿ ಹಬ್ಬಿತ್ತು. ರಾತ್ರಿ ದೆವ್ವ ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದರೆ ಸಾವು. 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತದೆ. ಮರುದಿನವೂ ಅದನ್ನೇ ಓದುತ್ತದೆ! ಒಂದು ರಾತ್ರಿ ಹೊರಗಿನಿಂದ ನಮ್ಮವ್ವ ಕರೆದರೂ ಚಿಲಕ ತೆಗೆಯದೆ ನಡುಗಿದ್ದೆ.

ನಿಜವಾದ ಹೆದರಿಕೆ ಅಂದರೆ ಇದು. ಕೋರೆಹಲ್ಲು, ಕಂಪ್ಯೂಟರ್ ಆಟ ನೋಡಿ ಬೆಚ್ಚುತ್ತೇವೆ, ಮರೆಯುತ್ತೇವೆ. ಪರಿಚಯದ ದನಿಯನ್ನೇ ನಂಬಲಾಗದಿದ್ದರೆ ನಿದ್ದೆ ಹಾರುತ್ತದೆ. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಕಂಪ್ಯೂಟರ್ ಎಲ್ಲಿತ್ತು? ಮನೆಮಗನಂತಿದ್ದ ಅನಂತನಾಗ್ ಮೈಮೇಲೆ ದೆವ್ವ ಬಂದಾಗ ಜನ ನಡುಗಿದರು.

'ನಾಳೆ ಬಾ' ಏನಾಯಿತು? 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಚಿತ್ರವಾಯಿತು. ಊರು ಮಧ್ಯಪ್ರದೇಶದ ಚಂದೇರಿ. ಗೋಡೆಯ ಬರಹ 'ಓ ಸ್ತ್ರೀ ಕಲ್ ಆನಾ'. ಚಿತ್ರ ಭರ್ಜರಿಯಾಗಿ ಗೆದ್ದಿತು. 2024ರಲ್ಲಿ ಎರಡನೇ ಭಾಗವೂ ಬಂತು. ಅವರನ್ನು ಬೈಯಲಾರೆ. ನಮ್ಮ ಬಾಗಿಲಲ್ಲಿದ್ದ ಕಥೆಯನ್ನು ನಾವು ಒರೆಸಿಹಾಕಿದೆವು, ಅವರು ಎತ್ತಿಕೊಂಡರು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಅಜ್ಜಿಯರ ಬಾಯಲ್ಲಿ ಇನ್ನೂ ಕಥೆಗಳಿವೆ. ಇಂದೇ ಹೋಗಿ ಕೇಳಿ, ಬರೆದುಕೊಳ್ಳಿ, ಚಿತ್ರ ಮಾಡಿ. ದೆವ್ವಕ್ಕೆ 'ನಾಳೆ ಬಾ' ಎನ್ನಿ, ಕಥೆಗೆ ಎನ್ನಬೇಡಿ!

ಸಿರಿಗನ್ನಡಂ ಗೆಲ್ಗೆ.